ಹಿಮದ ಇಳಿಜಾರಿನಲ್ಲಿ ನಿಲ್ಲುವ ಬಗೆ

ಸಮನೆಲದ ಮೇಲೆ ನೆಟ್ಟಗೆ ನಿಲ್ಲುವುದನ್ನು ನಾವೆಲ್ಲರೂ ಎಳೆತನದಲ್ಲಿಯೇ ಕಲಿತುಬಿಡುತ್ತೇವೆ. ಅನಂತರ ಆ ವಿದ್ಯೆಯ ವಿಷಯವಾಗಿ ಆಲೋಚಿಸುವುದೇ ಇಲ್ಲ. ಆದರೆ ಆಲ್ಪ್ಸ್ ಪರ್ವತದ ಹಿಮದ ಮೇಲೆ, ಕಾಲಿಗೆ ಎರಡು ನೀಳವಾದ ಸ್ಕೀ ಪಟ್ಟಿಗಳನ್ನು ಬಿಗಿದುಕೊಂಡು ಮೊದಲ ಸಲ ನಿಂತವನಿಗೆ ಆ ಹಳೆಯ ವಿದ್ಯೆಯೇ ವೈರಿಯಾಗುತ್ತದೆ. ಅದು ಹೇಗೆಂಬುದನ್ನು ವಿಚಾರಮಾಡೋಣ.

ಒರಟಾದ ನೆಲವು ನಮ್ಮ ಪಾದವನ್ನು ಹಿಡಿದು ನಿಲ್ಲಿಸುತ್ತದೆ. ಹಿಮವು ಜಾರುವ ಪಟ್ಟಿಯನ್ನು ಹಾಗೆ ಹಿಡಿಯಲಾರದು; ತನ್ನ ಮೈಗೆ ಲಂಬವಾಗಿ ಮೇಲಕ್ಕೆ ಒತ್ತಬಲ್ಲುದು, ಅಷ್ಟೆ. ಈ ಒತ್ತಡದ ಗೆರೆಯು ದೇಹದ ಗುರುತ್ವಕೇಂದ್ರದ ಮೂಲಕ ಹಾದುಹೋದರೆ ಮನುಷ್ಯನು ನಿಲ್ಲುತ್ತಾನೆ, ಇಲ್ಲವಾದರೆ ಉರುಳುತ್ತಾನೆ. ಆದಕಾರಣ ನೇರವಾಗಿ ಕೆಳಕ್ಕೆ ಜಾರುವವನು ಇಳಿಜಾರಿಗೆ ಲಂಬವಾಗಿರಬೇಕು. 30 ಡಿಗ್ರಿಯ ಇಳಿಜಾರಿನಲ್ಲಿ ಇದು ಕಣಿವೆಯ ಕಡೆಗೆ 30 ಡಿಗ್ರಿ ಬಾಗಿದಂತೆಯೇ ಸರಿ. ಅಲ್ಲಿ ಅವನನ್ನು ಕೆಳಕ್ಕೆಳೆಯುವ ಬಲವು ಅವನ ತೂಕದ ಅರ್ಧದಷ್ಟು. ಘರ್ಷಣೆಯೂ ಗಾಳಿಯ ತಡೆಯೂ ಈ ಲೆಕ್ಕವನ್ನು ತುಸು ಬದಲಿಸುವುವಾದರೂ ಮೂಲತತ್ತ್ವವು ಇದೇ.

ಭಯವಾದರೋ ಮೈಯನ್ನು ಹಿಂದಕ್ಕೆ, ಬೆಟ್ಟದ ಕಡೆಗೆ ಸೆಳೆಯುತ್ತದೆ. ಆಗ ಭಾರವೆಲ್ಲ ಪಟ್ಟಿಗಳ ಹಿಂತುದಿಗೆ ಬೀಳುತ್ತದೆ. ಮುಂತುದಿ ಹಗುರವಾಗಿ ತಿರುಗಿಸಿದತ್ತ ತಿರುಗದು. ಸೊಂಟವು ಮೊಣಕಾಲಿಗಿಂತ ಕೆಳಗಿಳಿದು, ಕೆಳಗಣ ಪಟ್ಟಿಯ ಹಿಂಭಾಗದ ಒಳ ಅಂಚು ಹಿಮದಲ್ಲಿ ಕಚ್ಚಿಕೊಂಡರೆ, ಆ ಪಟ್ಟಿಯೇ ಸನ್ನೆಗೋಲಾಗಿ ಕಾಲನ್ನು ತಿರುಚಿ ಮೊಣಕಾಲಿನೊಳಗಿನ ಅಸ್ಥಿರಜ್ಜುವನ್ನು ಹರಿಯಬಹುದು. ರಕ್ಷಣೆಗೆಂದು ಹಿಂದೆ ಸರಿದವನಿಗೇ ಹೆಚ್ಚಿನ ಅಪಾಯ.

ಪರಿಹಾರವು ಪಾದದ ಕೀಲಿನಿಂದ ಆರಂಭವಾಗುತ್ತದೆ. ಮೊಣಕಾಲನ್ನು ಮಾತ್ರ ಮಡಿಸಿದರೆ ಸೊಂಟವು ಹಿಮ್ಮಡಿಯ ಹಿಂದೆ ಹೋಗುತ್ತದೆ. ಪಾದದ ಕೀಲು, ಮೊಣಕಾಲು, ಸೊಂಟ ಮೂರೂ ಒಟ್ಟಿಗೆ ಬಾಗಿದರೆ ಭಾರವು ಪಾದದ ನಡುವೆ ನಿಲ್ಲುತ್ತದೆ. ಕಣಕಾಲು ಬೂಟಿನ ಮುಂಭಾಗಕ್ಕೆ ತಾಗಿರಬೇಕು, ಕೈಗಳು ಕಣ್ಣಿಗೆ ಕಾಣುವಂತೆ ಮುಂದಿರಬೇಕು, ದೃಷ್ಟಿ ದೂರದಲ್ಲಿರಬೇಕು. ತಿರುವಿನಲ್ಲಿ ಹೊರಗಡೆಯ ಪಟ್ಟಿಯೇ ಹೆಚ್ಚಿನ ಭಾರವನ್ನು ಹೊರಬೇಕು. 1907ರಲ್ಲಿ ಆಸ್ಟ್ರಿಯದ ಸೇಂಟ್ ಆಂಟನ್‌ನಲ್ಲಿ ಬೋಧಕನಾದ ಹಾನೆಸ್ ಷ್ನೈಡರನು ಮೈಬಗ್ಗಿಸಿ, ಭಾರವನ್ನು ಮುಂದಿಡುವ ಆರ್ಲ್‌ಬರ್ಗ್ ಪದ್ಧತಿಯನ್ನು ರೂಢಿಗೆ ತಂದನು. 1960ರ ದಶಕದಲ್ಲಿ ಬಿಗಿಯಾದ ಪ್ಲಾಸ್ಟಿಕ್ ಬೂಟುಗಳು ಬಂದಮೇಲೆ ಅಷ್ಟು ಬಗ್ಗುವ ಅವಶ್ಯಕತೆ ತಪ್ಪಿತು. ಹಿಂದಕ್ಕೆ ವಾಲಬಾರದೆಂಬ ನಿಯಮ ಮಾತ್ರ ತಪ್ಪಲಿಲ್ಲ.

1998ರ ನಾಗಾನೊ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸೇರಿದ ಸ್ನೋಬೋರ್ಡಿನ ರೀತಿ ಬೇರೆ. ಇಲ್ಲಿ ಎರಡು ಪಾದಗಳೂ ಒಂದೇ ಹಲಗೆಗೆ ಅಡ್ಡಲಾಗಿ ಬಿಗಿದಿರುತ್ತವೆ. ಕಾಲ್ಬೆರಳಿಗೂ ಹಿಮ್ಮಡಿಗೂ ನಡುವೆ ಭಾರವನ್ನು ಸರಿಸುತ್ತ ಅಂಚನ್ನು ಬದಲಿಸಬೇಕು. ಕಣಿವೆಯ ಕಡೆಯ ಅಂಚು ಅಕಸ್ಮಾತ್ ಕಚ್ಚಿಕೊಂಡರೆ ಸವಾರನು ಫಕ್ಕನೆ ಕೆಳಕ್ಕೆ ಅಪ್ಪಳಿಸುತ್ತಾನೆ. ಚಾಚಿದ ಕೈಯ ಮಣಿಕಟ್ಟು ಮುರಿಯುವುದು ಹೀಗೆಯೇ. ಇಲ್ಲಿಯೂ ತಿರುವನ್ನು ಆರಂಭಿಸುವಾಗ ಭಾರವು ಮುಂದಣ ಕಾಲಿನ ಮೇಲಿರಬೇಕು.

ಬಲ್ಲ ಬೋಧಕರು ಹೊಸಬರನ್ನು ಮೊದಲು ತಾನಾಗಿಯೇ ನಿಂತುಹೋಗುವಷ್ಟು ಮಂದವಾದ ಇಳಿಜಾರಿಗೆ ಕರೆದೊಯ್ಯುವುದು ಈ ಕಾರಣದಿಂದಲೇ. ಮುಂದಕ್ಕೆ ಬಾಗಿದರೆ ಬೀಳುವುದಿಲ್ಲವೆಂಬುದನ್ನು ಬುದ್ಧಿ ಒಂದು ಗಳಿಗೆಯಲ್ಲಿ ಒಪ್ಪುತ್ತದೆ. ಮೈ ಒಪ್ಪಬೇಕಾದರೆ ಹಲವು ದಿನಗಳ ಅಭ್ಯಾಸ ಬೇಕು.