ಮಗುವಿನ ಚಿಕಿತ್ಸೆ: ಹಣದ ತೊಡಕು, ಮಾತಿನ ತೊಡಕು

ಹಾಲು ಕುಡಿಯುವಾಗ ಶಿಶುವಿನ ಹಣೆ ಬೆವರುವುದು, ನಾಲ್ಕು ಗುಟುಕಿಗೇ ದಣಿಯುವುದು, ತೂಕ ಏರದಿರುವುದು, ಅಳುವಾಗ ತುಟಿ ನೀಲಿಗಟ್ಟುವುದು ಹುಟ್ಟಿನಿಂದ ಬಂದ ಹೃದಯದೋಷದ ಲಕ್ಷಣಗಳಾಗಿರಬಹುದು. ಇಂತಹ ಅನೇಕ ದೋಷಗಳನ್ನು ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ತಜ್ಞವೈದ್ಯರನ್ನು ಮುಟ್ಟುವ ದಾರಿಯಲ್ಲಿ ಹಣ ಮತ್ತು ಮಾತು ಎರಡೂ ತೊಡಕಾಗುವುದನ್ನು ನಾವು ಕಾಣುತ್ತೇವೆ.

ಹಣದ ತೊಡಕಿಗೆ 2018ರಿಂದ ನಮ್ಮ ರಾಜ್ಯದಲ್ಲಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪತ್ರ ಪಡೆದು, ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಯಲ್ಲಿ ಪತ್ರಕ್ಕಾಗಿ ಕಾಯಬೇಕಾಗಿಲ್ಲ. ಮೊದಲು ಸಾಲ ಮಾಡಿ ಹಣ ಕಟ್ಟಿ, ಅನಂತರ ಯೋಜನೆಯನ್ನು ಅರಸುವವರು ಅನೇಕರು. ಹಾಗೆ ಕಟ್ಟಿದ ಹಣ ಮರಳುವುದೆಂದು ನಂಬಿ ಕುಳಿತುಕೊಳ್ಳಲಾಗದು. ಮಗುವಿನ ಹೆಸರನ್ನು ಪಡಿತರ ಚೀಟಿಗೆ ಬೇಗನೆ ಸೇರಿಸಿಕೊಳ್ಳುವುದು ಒಳಿತು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡವು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಬಂದು, 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ತಪಾಸಿಸುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಬೇಕು.

ಮಾತಿನ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಬೀದರ, ಕಲಬುರಗಿ ಭಾಗದವರು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋದಾಗ ವೈದ್ಯರಿಗೆ ಕನ್ನಡ ತಿಳಿಯದಿರಬಹುದು, ಬೆಂಗಳೂರಿನಲ್ಲಿಯೂ ಹೀಗಾಗುವುದುಂಟು. “ಹಾಲು ಕುಡಿಯುವಾಗ ದಣಿಯುತ್ತದೆ” ಎಂದು ತಾಯಿ ಹೇಳಿದ್ದನ್ನು ನಡುವಿನವರು “ಮಗುವಿಗೆ ಸುಸ್ತು” ಎಂದಷ್ಟೇ ತಿಳಿಸಿದರೆ, ರೋಗದ ಸುಳಿವೇ ಕೈತಪ್ಪುತ್ತದೆ. ಆದುದರಿಂದ ಲಕ್ಷಣ ಯಾವಾಗ, ಎಷ್ಟು ಹೊತ್ತು, ಏನು ಮಾಡುವಾಗ ಕಾಣುತ್ತದೆಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ಎರಡೂ ಭಾಷೆ ಬಲ್ಲ ಹಿರಿಯರೊಬ್ಬರು ಜೊತೆಗಿರಲಿ; ಈ ಭಾರವನ್ನು ಶಾಲೆಗೆ ಹೋಗುವ ಅಕ್ಕ-ಅಣ್ಣಂದಿರ ಮೇಲೆ ಹೊರಿಸಬಾರದು. ಔಷಧಿಯ ಪ್ರಮಾಣವನ್ನು “ಒಂದು ಚಮಚ” ಎಂದು ಕೇಳಿ ಬರದೆ, ಅಳತೆಯ ಗೆರೆಯನ್ನು ತೋರಿಸಿಕೊಳ್ಳಬೇಕು; ತಿಳಿದುದನ್ನು ತಿರುಗಿ ಹೇಳಿ ಸರಿಯೇ ಎಂದು ಕೇಳಬೇಕು. ಒಪ್ಪಿಗೆ ಪತ್ರದಲ್ಲಿರುವುದನ್ನು ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೇಳುವುದು ತಂದೆ-ತಾಯಿಯರ ಹಕ್ಕು. ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯಮಿತ್ರರನ್ನೂ 104 ಸಹಾಯವಾಣಿಯನ್ನೂ ಸಂಕೋಚವಿಲ್ಲದೆ ವಿಚಾರಿಸಬೇಕು.

ನಗರಗಳಲ್ಲಿ ನೆಲೆಸಿರುವ, ಭಾಷೆ ಬಲ್ಲ ಸದ್ಭಕ್ತರು ತಮ್ಮೂರಿನಿಂದ ಬಂದ ಇಂತಹ ಕುಟುಂಬದೊಡನೆ ಒಂದು ದಿನ ಆಸ್ಪತ್ರೆಗೆ ನಡೆದರೆ, ಒಂದು ಮಗುವಿನ ಚಿಕಿತ್ಸೆ ತಡವಾಗದೆ ಆರಂಭವಾದೀತೆಂದು ನಾವು ವಿನಂತಿಸುತ್ತೇವೆ.