ನೇರಳೆ ಬಲ್ಲವರಿಗೆ ದ್ರಾಕ್ಷಾರಸದ ರುಚಿ ಹೊಸದಲ್ಲ

ಮುಂಗಾರು ಕಾಲಿಡುವ ಹೊತ್ತಿಗೆ ಗದಗ-ಬೆಟಗೇರಿಯ ರಸ್ತೆ ಬದಿಯಲ್ಲಿ ನೇರಳೆ ಹಣ್ಣಿನ ಬುಟ್ಟಿಗಳು ಕಾಣತೊಡಗುತ್ತವೆ. ಕೊಳ್ಳುವವರು ಮೊದಲು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಮುಂದೆ ಸಿಹಿ, ಅದರ ಬೆನ್ನಿಗೆ ಹುಳಿ, ಕೊನೆಗೆ ನಾಲಿಗೆಯನ್ನು ಹಿಡಿದೆಳೆಯುವ ಒಗರು. ‘ಹಣ್ಣ ಚಲೋ ಅದಾವ, ಒಗರ ಕಡಿಮಿ ಐತಿ, ಪಾವ್ ಕಿಲೋ ಹಾಕವಾ’ ಎಂದರೆ ಪರೀಕ್ಷೆ ಮುಗಿಯಿತು. ಕೆಂಪು ದ್ರಾಕ್ಷಾರಸವನ್ನು, ಅಂದರೆ ರೆಡ್ ವೈನನ್ನು, ಪರೀಕ್ಷಿಸುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ವೈನ್ ಎಂದರೆ ದೂರದ ಫ್ರಾನ್ಸಿನ ಸಂಗತಿ ಎಂಬ ಭಾವನೆ ಇನ್ನೂ ಹೋಗಿಲ್ಲ. ಆದರೆ ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದಲ್ಲಿ ಗ್ರೋವರ್ ಸಂಸ್ಥೆ 1988ರಲ್ಲೇ ವೈನ್ ದ್ರಾಕ್ಷಿಯ ತೋಟಕ್ಕೆ ಕೈಹಾಕಿತು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ಕ್ಯಾಬರ್ನೆ ಸುವಿನ್ಯೋನ್ ಎಂಬ ಕಪ್ಪು ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದೆ. ಈ ದ್ರಾಕ್ಷಿ ವಿಜಯಪುರದಿಂದ ಬರುವ ಬೀಜವಿಲ್ಲದ ತಿನ್ನುವ ದ್ರಾಕ್ಷಿಯಂತಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ವೈನಿನ ಬಣ್ಣವೂ ಒಗರೂ ಬರುವುದು ಮುಖ್ಯವಾಗಿ ಆ ಸಿಪ್ಪೆ ಮತ್ತು ಬೀಜದಿಂದ.

‘ಫ್ರೂಟ್ ಫಾರ್ವರ್ಡ್’ ಎಂದು ಕರೆಯುವ ಒಂದು ಬಗೆಯ ವೈನ್ ಇದೆ. ಮೂಗಿಗೂ ನಾಲಿಗೆಗೂ ಮೊದಲು ಹಣ್ಣಿನ ಗುಣವೇ ತಾಗುವಂಥದು ಎಂದು ಇದರ ಅರ್ಥ. ಬಿಸಿಲ ನಾಡಿನ ವೈನುಗಳಲ್ಲಿ ಇದು ಹೆಚ್ಚು. ನಮ್ಮಲ್ಲಿ ಬಳ್ಳಿಯನ್ನು ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಚಾಟನಿ ಮಾಡುತ್ತಾರೆ. ಫೆಬ್ರುವರಿ-ಮಾರ್ಚ್ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ. ಬಿಸಿಲು ಏರಿದಂತೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಒಂದು ಲೀಟರ್ ರಸದಲ್ಲಿ 240 ಗ್ರಾಂ ಸಕ್ಕರೆ ಇದ್ದರೆ, ಅದೆಲ್ಲ ಹುದುಗಿದಾಗ ಶೇಕಡಾ 14ರಷ್ಟು ಆಲ್ಕೋಹಾಲ್ ಆಗುತ್ತದೆ. ಕೊಯ್ಲು ಒಂದು ವಾರ ತಡವಾದರೂ ರುಚಿಯ ಲೆಕ್ಕ ತಪ್ಪಬಹುದು.

ಇನ್ನು ಪರೀಕ್ಷೆಯ ಕ್ರಮ. ಗಾಜಿನ ಲೋಟದ ಮೂರನೆಯ ಒಂದು ಭಾಗದಷ್ಟು ಮಾತ್ರ ಸುರಿದು, ಬಿಳಿಯ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಬೇಕು. ಅಂಚಿನಲ್ಲಿ ನೇರಳೆ ಛಾಯೆ ಇದ್ದರೆ ವೈನ್ ಎಳೆಯದು. ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಬಳಿಕ ಲೋಟ ತಿರುಗಿಸಿ ಮೂಸಬೇಕು. ನೆಂದ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ. ಮುದ್ರಣಕ್ಕೆ ಹೆಸರಾದ ಗದಗಿನವರಿಗೆ ಆ ವಾಸನೆಯನ್ನು ವಿವರಿಸಬೇಕಿಲ್ಲ. ಆಮೇಲೆ ಒಂದು ಗುಟುಕನ್ನು ಬಾಯಿತುಂಬ ಆಡಿಸಿ, ಉಗುಳಬೇಕು. ವೃತ್ತಿಯವರು ಉಗುಳಿಯೇ ತೀರ್ಪು ಹೇಳುತ್ತಾರೆ. ಪರೀಕ್ಷೆಗೂ ಕುಡಿತಕ್ಕೂ ಇರುವ ವ್ಯತ್ಯಾಸ ಇದು.

ಹಣ್ಣಿನ ವಾಸನೆ ಬಂದ ಕೂಡಲೇ ವೈನ್ ಸಿಹಿ ಎಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಸಿಹಿ ನಾಲಿಗೆಯದು, ಕಂಪು ಮೂಗಿನದು. ಸಕ್ಕರೆಯೆಲ್ಲ ಹುದುಗಿ ಹೋದ ಮೇಲೂ ಹಣ್ಣಿನ ಕಂಪು ಉಳಿಯುತ್ತದೆ. ಮೂಗು ಮುಚ್ಚಿ ಗುಟುಕರಿಸಿದರೆ ನಿಜ ತಿಳಿಯುತ್ತದೆ. ಇನ್ನು ಹುಳಿ ಇದ್ದರೆ ಬಾಯಲ್ಲಿ ನೀರೂರುತ್ತದೆ. ಟ್ಯಾನಿನ್ ಎಂಬ ವಸ್ತು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಅದೇ ನಮ್ಮ ಒಗರು. ಹಣ್ಣಿನ ಗುಣವನ್ನು ಹುಳಿ, ಒಗರು ಎರಡೂ ಹಿಡಿದು ನಿಲ್ಲಿಸಿದ್ದರೆ ವೈನ್ ಒಳ್ಳೆಯದು. ಉಗುಳಿದ ಮೇಲೂ ರುಚಿ ತುಸು ಹೊತ್ತು ನಿಲ್ಲುತ್ತದೆ. ಅವೆರಡೂ ಸೋತಿದ್ದರೆ ಬೆಲ್ಲದ ಪಾಕಕ್ಕೆ ಒಣದ್ರಾಕ್ಷಿ ಹಾಕಿದಂತೆ ಮಂದವಾಗುತ್ತದೆ. ಗಂಟಲು ಸುಟ್ಟರೆ ಆಲ್ಕೋಹಾಲ್ ಮೇಲುಗೈ ಪಡೆದಿದೆ. ನಮ್ಮ ಬೇಸಿಗೆಯಲ್ಲಿ ಇನ್ನೊಂದು ಎಚ್ಚರಿಕೆ: ಕೆಂಪು ವೈನಿಗೆ 15ರಿಂದ 18 ಡಿಗ್ರಿ ತಂಪು ಬೇಕು. ಕಾದ ಕೋಣೆಯಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯನ್ನು ರುಚಿ ನೋಡಿ ತೋಟವನ್ನು ದೂರಬಾರದು.

ಕಂಪನ್ನು ಹೇಳುವ ಮಾತು ಯಾವುದಿರಬೇಕು? ಬಾಟಲಿಯ ಚೀಟಿಯಲ್ಲಿ ಬ್ಲ್ಯಾಕ್‌ಬೆರಿ, ಪ್ಲಮ್ ಎಂದಿರುತ್ತದೆ. ಅವುಗಳನ್ನು ತಿನ್ನದವರು ಅದನ್ನು ಬರೀ ಕಂಠಪಾಠ ಮಾಡಬೇಕಾಗುತ್ತದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆ್ಯನ್ ನೋಬಲ್ 1980ರ ದಶಕದಲ್ಲಿ ವೈನಿನ ಕಂಪುಗಳ ಚಕ್ರವನ್ನು ರಚಿಸಿದರು. ಎಲ್ಲರೂ ಮೂಸಿ ಗುರುತಿಸಬಲ್ಲ ವಸ್ತುವಿನ ಹೆಸರನ್ನೇ ಹೇಳಬೇಕೆಂಬುದು ಅದರ ತಿರುಳು. ಹಾಗಿದ್ದರೆ ನಮಗೆ ನೇರಳೆ, ಅಂಜೂರ, ದಾಳಿಂಬೆ ಸಾಕು. ಕಪ್ಪತಗುಡ್ಡದ ಸೆರಗಿನ ಶಿರಹಟ್ಟಿ, ಮುಂಡರಗಿ ಕಡೆಯವರಿಗೆ ಕವಳಿ ಹಣ್ಣಿದೆ, ಬಾರಿ ಹಣ್ಣಿದೆ.

ಈ ನಾಡಿಗೆ ಮಾತಿನ ಬಡತನ ಎಂದೂ ಇರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಿಯ ಮದ್ಯವನ್ನು ‘ಮಧು’ ಎಂದು ಕರೆದು, ಬಂದ ನಾಡಿನ ಮೇಲಿಂದ ಕಾಪಿಶಾಯನ, ಹಾರಹೂರಕ ಎಂದು ವಿಂಗಡಿಸಿದೆ. ಹತ್ತನೆಯ ಶತಮಾನದ ಪಂಪ ತನ್ನ ಕಾವ್ಯದ ಕನ್ನಡವನ್ನು ಪುಲಿಗೆರೆಯದೆಂದು ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅವನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯ ವರ್ಣನೆಯೂ ಇದೆ.

ಕರ್ನಾಟಕದಲ್ಲಿ 2007ರಲ್ಲಿ ಎರಡು ಸಂಗತಿ ನಡೆದವು. ಜುಲೈನಿಂದ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಾರಸ ನೀತಿ ಬಂತು. ಕುಡಿತದಿಂದ ಮನೆ ಹಾಳಾದುದನ್ನು ಕಂಡ ಊರುಗಳಲ್ಲಿ ವೈನಿನ ಮಾತೆತ್ತಿದರೆ ಮುಖ ಸಿಂಡರಿಸುವುದು ಸಹಜ. ವೈನಿನಲ್ಲೂ ಇರುವುದು ಅದೇ ಆಲ್ಕೋಹಾಲ್. ಆದರೆ ಅಮಲನ್ನಷ್ಟೇ ಅಳೆಯುವ ಪೇಟೆಯಲ್ಲಿ ಒಳ್ಳೆಯ ಹಣ್ಣಿಗೆ ಒಳ್ಳೆಯ ಬೆಲೆ ಹುಟ್ಟುವುದಿಲ್ಲ. ಸರಿಯಾದ ದಿನ ನೋಡಿ ಕೊಯ್ದ ರೈತನ ಶ್ರಮ ಗೊತ್ತಾಗುವುದು ರುಚಿ ಬಲ್ಲ ನಾಲಿಗೆಗೆ ಮಾತ್ರ. ಆ ನಾಲಿಗೆಯನ್ನು ಪಳಗಿಸಲು ಬಾಟಲಿಯನ್ನೇ ತೆರೆಯಬೇಕೆಂದಿಲ್ಲ. ನೇರಳೆಯ ಬುಟ್ಟಿ ಬಂದಾಗ ಒಂದು ಹಣ್ಣನ್ನು ನಿಧಾನವಾಗಿ ತಿಂದು, ಸಿಹಿ ಎಲ್ಲಿ ಮುಗಿಯಿತು, ಒಗರು ಎಲ್ಲಿ ಹಿಡಿಯಿತು ಎಂದು ಗಮನಿಸಿದರೂ ಸಾಕು.