ರಟ್ಟಿನ ಪೆಟ್ಟಿಗೆಯಲ್ಲೊಂದು ಕವಿತೆ

ಸ್ಕಾಟ್ಲೆಂಡಿನಲ್ಲಿ ಕೂಸು ಹುಟ್ಟುವ ಮನೆಗೆ, ತಾಯಿತಂದೆಗಳು ಬಯಸಿದಲ್ಲಿ, ಸರ್ಕಾರದ ವತಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬರುತ್ತದೆ. ಅದರೊಳಗೆ ಎಳೆಯ ಮೈಗೆ ತೊಡಿಸುವ ಉಡುಪು, ಹೊದಿಕೆ, ಜ್ವರ ನೋಡುವ ಥರ್ಮಾಮೀಟರು, ಪುಸ್ತಕ ಮೊದಲಾದ ಸಾಮಗ್ರಿಗಳಿರುತ್ತವೆ. ಬರಿದಾದ ಪೆಟ್ಟಿಗೆಯಲ್ಲಿ ಪುಟ್ಟ ಹಾಸಿಗೆಯನ್ನು ಹಾಸಿ ಕೂಸನ್ನು ಮಲಗಿಸಲೂಬಹುದು. 2017ರಲ್ಲಿ ದೇಶದಾದ್ಯಂತ ಆರಂಭವಾದ ಈ ಏರ್ಪಾಡಿನಲ್ಲಿ ಮತ್ತೊಂದು ವಸ್ತುವನ್ನೂ ಸೇರಿಸಲಾಯಿತು. ಅದು ಒಂದು ಕವಿತೆ. ಥರ್ಮಾಮೀಟರಿನ ಪಕ್ಕದಲ್ಲಿ ಕಾವ್ಯ! ನೆನೆದರೆ ನಗು ಬರುತ್ತದೆ. ಆದರೆ ಈಚಿನ ಸ್ಕಾಟಿಷ್ ಕಾವ್ಯದ ಸ್ವಭಾವವನ್ನು ಅರಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ದೊರೆಯಲಾರದು.

ಸ್ಕಾಟ್ಲೆಂಡಿನ ಕಾವ್ಯವೆಂದೊಡನೆ ಕನ್ನಡಿಗರಿಗೆ ನೆನಪಾಗುವವನು ರಾಬರ್ಟ್ ಬರ್ನ್ಸ್. 1796ರಲ್ಲಿ ತೀರಿಕೊಂಡ ಆ ರೈತಕವಿಯ ಪ್ರೇಮಗೀತೆಗಳನ್ನು ಕೆ. ಎಸ್. ನರಸಿಂಹಸ್ವಾಮಿಯವರು ಕನ್ನಡಕ್ಕೆ ತಂದಿದ್ದಾರೆ. ನೇಗಿಲಿನ ಬಾಯಿಗೆ ಸಿಕ್ಕು ಗೂಡು ಕಳೆದುಕೊಂಡ ಇಲಿಯೊಂದಕ್ಕಾಗಿ ಮರುಗಿ ಹಾಡಿದವನು ಬರ್ನ್ಸ್. ಅಲ್ಪವೆಂದು ಲೋಕ ಕಡೆಗಣಿಸಿದ್ದನ್ನು ನಗುತ್ತಲೇ ಎತ್ತಿ ಎದೆಗೊತ್ತಿಕೊಳ್ಳುವ ಆ ಗುಣ ಅವನೊಂದಿಗೆ ಅಳಿಯಲಿಲ್ಲ. ಹೊಲವನ್ನು ಬಿಟ್ಟು ನಗರದ ಬೀದಿಗೆ, ನಡುಮನೆಗೆ, ಆಸ್ಪತ್ರೆಗೆ ಬಂದು ನೆಲೆಸಿತು, ಅಷ್ಟೆ.

ಪೆಟ್ಟಿಗೆಯ ಕವಿತೆಯನ್ನು ಬರೆದವರು ಜಾಕಿ ಕೇ. 2016ರಿಂದ 2021ರವರೆಗೆ ಅವರು ಸ್ಕಾಟ್ಲೆಂಡಿನ ರಾಷ್ಟ್ರಕವಿಯಾಗಿದ್ದರು. ಆ ಪದವಿಗೆ ಅಲ್ಲಿಯ ಹೆಸರು ‘ಮಾಕರ್’, ಅಂದರೆ ಕಟ್ಟುವವನು. 1961ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ತಾಯಿಗೂ ನೈಜೀರಿಯಾದ ತಂದೆಗೂ ಹುಟ್ಟಿದ ಈಕೆಯನ್ನು ಗ್ಲಾಸ್ಗೋದ ಬಿಳಿಯ ಕಮ್ಯುನಿಸ್ಟ್ ದಂಪತಿಗಳು ದತ್ತು ಪಡೆದು ಸಾಕಿದರು. 1991ರಲ್ಲಿ ಹೊರಬಂದ ಅವರ ಮೊದಲ ಸಂಕಲನ ‘ದಿ ಅಡಾಪ್ಷನ್ ಪೇಪರ್ಸ್’ನಲ್ಲಿ ಹೆತ್ತತಾಯಿ, ಸಾಕುತಾಯಿ, ಮಗಳು ಮೂವರ ದನಿಗಳು ಸರದಿಯಂತೆ ಕೇಳಿಬರುತ್ತವೆ.

ಅಲ್ಲಿಯ ಸಾಕುತಾಯಿ ಮಗುವಿಗಾಗಿ ಸಂಸ್ಥೆಯಿಂದ ಸಂಸ್ಥೆಗೆ ಅಲೆಯುತ್ತಾಳೆ. ಒಂದೊಂದು ಕಡೆ ಒಂದೊಂದು ನೆಪ. ಕೊನೆಗೆ ಮಗುವಿನ ಬಣ್ಣ ಯಾವುದಾದರೂ ಆದೀತೆಂದು ಆಕೆ ಹೇಳಿದ್ದೇ ತಡ, ಕಾಯುವ ಕಾಲ ಮುಗಿದುಹೋಗುತ್ತದೆ! ಬಳಿಕ ಅಧಿಕಾರಿಣಿ ಮನೆ ನೋಡಲು ಬರುವ ದಿನ. ತಾಯಿ ಮಾರ್ಕ್ಸ್, ಎಂಗೆಲ್ಸ್, ಲೆನಿನ್ನರ ಪುಸ್ತಕಗಳನ್ನು ಬಟ್ಟೆಯ ಬೀರುವಿನಲ್ಲಿ ಬಚ್ಚಿಡುತ್ತಾಳೆ; ಪಕ್ಷದ ಪತ್ರಿಕೆಯನ್ನು ಮರೆಮಾಡುತ್ತಾಳೆ. ಎಲ್ಲವೂ ಸುಗಮವಾಗಿ ನಡೆಯಿತು ಎನ್ನುವಷ್ಟರಲ್ಲಿ, ಗೋಡೆಯ ಮೇಲೆ ಉಳಿದುಹೋದ ಶಾಂತಿ ಚಳವಳಿಯ ಬಿಲ್ಲೆಗಳು ಅತಿಥಿಯ ಕಣ್ಣಿಗೆ ಬೀಳುತ್ತವೆ. ಅಣ್ವಸ್ತ್ರಗಳನ್ನು ವಿರೋಧಿಸುತ್ತೀರಾ ಎಂಬ ಪ್ರಶ್ನೆ ಬರುತ್ತದೆ. ಮಗು ಕೈತಪ್ಪುವ ಭಯವಿದ್ದರೂ ತಾಯಿ ಸುಳ್ಳಾಡಲು ಒಪ್ಪುವುದಿಲ್ಲ, ಹೌದೆನ್ನುತ್ತಾಳೆ. ಅಧಿಕಾರಿಣಿಯ ಮುಖ ಅರಳುತ್ತದೆ. ಆಕೆಯೂ ಶಾಂತಿಯ ಪಕ್ಷಪಾತಿ! ಓದುಗನು ನಗುತ್ತಾನೆ. ನಕ್ಕು ಮುಗಿಯುವುದರೊಳಗೆ ಕಣ್ಣು ಹನಿಗೂಡಿರುತ್ತದೆ.

ಈ ನಗೆಗೆ ಇನ್ನೊಂದು ಮುಖವೂ ಉಂಟು. ಗ್ಲಾಸ್ಗೋದ ಟಾಮ್ ಲೆನರ್ಡ್ (1944–2018) ತನ್ನೂರಿನ ದುಡಿಮೆಗಾರರ ಆಡುಮಾತನ್ನು, ಉಚ್ಚಾರಣೆಯಲ್ಲಿ ಎಳ್ಳಷ್ಟೂ ತಿದ್ದದೆ, ಪುಟದ ಮೇಲಿಳಿಸಿದ ಕವಿ. ಅವನ ಒಂದು ಪ್ರಸಿದ್ಧ ಕವಿತೆಯಲ್ಲಿ ಸಂಜೆಯ ವಾರ್ತೆಯನ್ನು ಓದುವವನು ಅಪ್ಪಟ ಬೀದಿಮಾತಿನಲ್ಲೇ, ಬೀದಿಮಾತಿನಲ್ಲಿ ಹೇಳಿದರೆ ಸತ್ಯವನ್ನು ಯಾರೂ ನಂಬರೆಂದು ವಿವರಿಸುತ್ತಾನೆ. ಸತ್ಯಕ್ಕೂ ಶಿಷ್ಟ ಉಚ್ಚಾರಣೆಯ ಸಮವಸ್ತ್ರ ಬೇಕೆಂಬ ಲೋಕದ ಈ ಅಸಂಬದ್ಧತೆಯನ್ನು ಗ್ರಾಂಥಿಕ, ಗ್ರಾಮ್ಯಗಳ ಜಗಳವನ್ನು ಬಲ್ಲ ಕನ್ನಡಿಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. 2025ರಲ್ಲಿ ಸ್ಕಾಟಿಷ್ ಸಂಸತ್ತು ಅಂಗೀಕರಿಸಿದ ಕಾಯಿದೆಯೊಂದು ಗೇಲಿಕ್ ಮತ್ತು ಸ್ಕಾಟ್ಸ್ ಭಾಷೆಗಳಿಗೆ ಅಧಿಕೃತ ಸ್ಥಾನವನ್ನಿತ್ತಿತು. ಆ ಕಾನೂನು ಬರುವುದಕ್ಕೆ ಬಹುಕಾಲ ಮೊದಲೇ ಕವಿಗಳು ಆಡುಮಾತಿಗೆ ಮನ್ನಣೆ ಕೊಟ್ಟಿದ್ದರು.

ಈ ಪರಂಪರೆಯ ಹಿರಿಯರು ಎಡ್ವಿನ್ ಮಾರ್ಗನ್. 1920ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, 2004ರಲ್ಲಿ ಮೊಟ್ಟಮೊದಲ ಮಾಕರ್ ಆದವರು. ಅವರ ಒಂದು ಕವಿತೆಯಲ್ಲಿ ಕ್ರಿಸ್ಮಸ್ ಸಮೀಪದ ಚಳಿಯ ಸಂಜೆ ಮೂವರು ಯುವಜನರು ಬ್ಯೂಕ್ಯಾನನ್ ಬೀದಿಯಲ್ಲಿ ನಡೆದುಬರುತ್ತಾರೆ. ಒಬ್ಬರ ಕೈಯಲ್ಲಿ ಗಿಟಾರು, ಇನ್ನೊಬ್ಬರ ಕೈಯಲ್ಲಿ ಕೂಸು, ಮತ್ತೊಬ್ಬರ ಕೈಯಲ್ಲಿ ಚೌಕಳಿಯ ಕೋಟು ತೊಟ್ಟ ಪುಟಾಣಿ ನಾಯಿ. ನಡೆಯುವುದು ಇಷ್ಟೇ. ಆದರೂ ಆ ಮೂವರು ದಾಟಿಹೋದ ಮೇಲೆ ಬೀದಿ ಮೊದಲಿನಂತಿರುವುದಿಲ್ಲ.

1999ರಲ್ಲಿ ಮಾರ್ಗನ್ನರಿಗೆ ಕ್ಯಾನ್ಸರ್ ತಗುಲಿದುದು ಖಚಿತವಾಯಿತು. ಆಗ ಅವರಿಗೆ ಎಪ್ಪತ್ತೊಂಬತ್ತು. ಬಳಿಕ ಅವರು ‘ಗಾರ್ಗೋ ಅಂಡ್ ಬೋ’ ಎಂಬ ಸಂವಾದವನ್ನು ರಚಿಸಿದರು. ಅದರಲ್ಲಿ ವಾದಿಸುವವರು ಯಾರು? ಒಂದು ಕ್ಯಾನ್ಸರ್ ಜೀವಕೋಶ, ಒಂದು ಆರೋಗ್ಯವಂತ ಜೀವಕೋಶ! ತನ್ನನ್ನು ಒಳಗಿನಿಂದ ತಿನ್ನುತ್ತಿರುವ ಶತ್ರುವಿಗೂ ಮಾತನಾಡುವ ಹಕ್ಕನ್ನಿತ್ತು, ಅದರ ಬಡಾಯಿಯನ್ನು ಕುತೂಹಲದಿಂದ ಕೇಳಿದ ಈ ಧೈರ್ಯಕ್ಕೆ ಹಾಸ್ಯವೆನ್ನಬೇಕೋ ಆಶಾವಾದವೆನ್ನಬೇಕೋ ತಿಳಿಯದು. 2010ರ ಆಗಸ್ಟಿನಲ್ಲಿ, ತೊಂಬತ್ತು ತುಂಬಿದ ಬಳಿಕ, ಅವರು ತೀರಿಕೊಂಡರು.

ಇಂತಹ ಕಾವ್ಯವನ್ನು ಅಲ್ಲಿಯ ಜನ ಕೇವಲ ಕಪಾಟಿನಲ್ಲಿಟ್ಟು ಪೂಜಿಸುವುದಿಲ್ಲ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಥಾಪನೆಗೊಂಡ ಸ್ಕಾಟಿಷ್ ಪೊಯಟ್ರಿ ಲೈಬ್ರರಿ 2014ರಲ್ಲಿ ಕಿಸೆಗಾತ್ರದ ಸಂಕಲನವೊಂದನ್ನು ಪ್ರಕಟಿಸಿತು. ಅಲ್ಲಿ ಪದವಿ ಪಡೆದು ಹೊರಬರುವ ಹೊಸ ವೈದ್ಯರಿಗೆ ಅದನ್ನು ಉಡುಗೊರೆಯಾಗಿ ಕೊಡಲಾಯಿತು. ಅದರ ಹೆಸರು ‘ಟೂಲ್ಸ್ ಆಫ್ ದಿ ಟ್ರೇಡ್’, ಎಂದರೆ ಕಸುಬಿನ ಹತಾರಗಳು. ಕವಿತೆ ಜ್ವರವನ್ನು ಇಳಿಸದು. ರಾತ್ರಿಯೆಲ್ಲ ದುಡಿದು, ಒಂದು ಸಾವನ್ನು ಕಣ್ಣಾರೆ ಕಂಡ ಎಳೆಯ ವೈದ್ಯನ ಮನಸ್ಸು ಕಲ್ಲಾಗದಂತೆ ಅದು ಕಾಯಬಹುದು.

ಪೆಟ್ಟಿಗೆಯಲ್ಲಿ ಮಲಗಿದ ಕೂಸಿಗಾದರೋ ಓದಲು ಬಾರದು. ಅದರ ಪಾಲಿನ ಕವಿತೆಯನ್ನು ಓದಬೇಕಾದವರು ನಿದ್ದೆಗೆಟ್ಟ ತಾಯಿತಂದೆಗಳು. ಈ ಲೋಕಕ್ಕೆ ನಿನಗೆ ಸ್ವಾಗತವೆಂದು ಅಲ್ಲಿ ಬರೆದವರು, ಒಂದು ಕಾಲದಲ್ಲಿ ಯಾರ ಮನೆಗೆ ಸೇರಬೇಕೆಂಬುದೇ ನಿಶ್ಚಯವಿಲ್ಲದಿದ್ದ ಕೂಸು.